ಅಂಗವೈಕಲ್ಯ ಅಧ್ಯಯನ: ಬಿ.ಎಡ್. ಆದ ಮೇಲೆ ಯಾವ ದಾರಿ?

ಪ್ರಶ್ನೆ (ವಿಶೇಷ ಶಿಕ್ಷಕಿ, ಹಾಸನ): ಶ್ರವಣದೋಷವಿರುವ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಬೋಧನಾ ವಿಧಾನಕ್ಕಿಂತ ಹೆಚ್ಚಾಗಿ, ಅಂಗವಿಕಲರ ಹಕ್ಕುಗಳನ್ನೂ ಸಮಾಜ ಅವರನ್ನು ಕಾಣುವ ಬಗೆಯನ್ನೂ ಓದುವ ಆಸೆಯಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಮೇಡಂ, ಮೊದಲು ಎರಡು ಬಗೆಯ ಓದನ್ನು ಬೇರೆಯಾಗಿ ನೋಡಿ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಿಶೇಷ ಎಂ.ಎಡ್. ನಿಮ್ಮ ಈಗಿನ ವೃತ್ತಿಯ ಮುಂದುವರಿಕೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು ಸಮಾಜಕಾರ್ಯದ ಸ್ನಾತಕೋತ್ತರ ಪದವಿಯೊಳಗೆ ರೂಪಿಸಿದ ಅಂಗವೈಕಲ್ಯ ಅಧ್ಯಯನದ ದಾರಿಯೇ ಬೇರೆ: ತೊಡಕಿರುವುದು ವ್ಯಕ್ತಿಯ ದೇಹದಲ್ಲಲ್ಲ, ರ‍್ಯಾಂಪ್ ಇಲ್ಲದ ಕಟ್ಟಡದಲ್ಲಿ, ಸಂಜ್ಞಾಭಾಷೆ ಬಲ್ಲವರಿಲ್ಲದ ಕಚೇರಿಯಲ್ಲಿ ಎನ್ನುವ ಸಾಮಾಜಿಕ ಮಾದರಿ ಈ ಕ್ಷೇತ್ರದ ಅಡಿಪಾಯ. ನಿಮಗೆ ಬೇಕಿರುವುದು ಎರಡನೆಯದೇ ಎಂದು ನನಗನ್ನಿಸುತ್ತದೆ.

ಇನ್ನೊಂದು ಉತ್ತರ: ವಿಶೇಷ ಶಿಕ್ಷಕರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯನ್ನು ನವೀಕರಿಸಲು ನಿರಂತರ ಪುನರ್ವಸತಿ ಶಿಕ್ಷಣದ ಅಂಕಗಳು ನಿಮಗೆ ಹೇಗೂ ಬೇಕು, ಆದ್ದರಿಂದ ಪರಿಷತ್ತು ಮಾನ್ಯ ಮಾಡಿದ ಕಾರ್ಯಾಗಾರಗಳಲ್ಲಿ ಹಕ್ಕುಗಳಿಗೆ ಸಂಬಂಧಿಸಿದವನ್ನೇ ಆರಿಸಿಕೊಳ್ಳಿ. ಜೊತೆಗೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಪೂರ್ತಿಯಾಗಿ ಓದಿ.

ಮತ್ತೊಂದು ಉತ್ತರ: ಅದೇ ಕಾಯ್ದೆಯ 32ನೆಯ ಸೆಕ್ಷನ್ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನಮ್ಮಂಥ ಅಂಗವಿಕಲರಿಗೆ ಕನಿಷ್ಠ ಶೇಕಡಾ 5ರಷ್ಟು ಸೀಟುಗಳನ್ನು ಮೀಸಲಿಟ್ಟಿದೆ. ನಮ್ಮ ಕುರಿತ ಪಾಠವನ್ನು ನಾವೂ ಕುಳಿತು ಕೇಳುವಂತಿರಬೇಕು, ನಾವೇ ಹೇಳುವಂತಿರಬೇಕು. ಸೇರುವ ಮುನ್ನ, ಪಠ್ಯಗಳನ್ನು ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಓದಬಲ್ಲದೇ ಎಂದು ವಿಭಾಗವನ್ನು ದಯವಿಟ್ಟು ವಿಚಾರಿಸಿ.