ಚಳಿ ಬೆಳಗ್ಗೆ ಸಿಕ್ಕಿದ್ದು ಬರೀ 31 ಕಿಲೋವ್ಯಾಟ್: ಬ್ಯಾಟರಿ ಬಿಸಿ ಮಾಡಿಕೊಂಡು ಹೋಗುವವರು ಅನುಭವ ಹೇಳಿ

ಹೊಸ ಸ್ಟಿಯರಿಂಗ್:
ಎಲೆಕ್ಟ್ರಿಕ್ ಕಾರು ತಗೊಂಡು ನಾಲ್ಕು ತಿಂಗಳಾಯಿತು. 60 ಯೂನಿಟ್ ಬ್ಯಾಟರಿ. 10ರಿಂದ 80 ಪರ್ಸೆಂಟ್‌ಗೆ 30 ನಿಮಿಷ ಅಂತ ಕೆಟಲಾಗ್ ಹೇಳುತ್ತದೆ. ನಿನ್ನೆ ಬೆಳಗ್ಗೆ ಹೊರಗೆ 4 ಡಿಗ್ರಿ. ಕಾರು ರಾತ್ರಿಯಿಡೀ ಬಯಲಲ್ಲೇ ನಿಂತಿತ್ತು. 18 ಪರ್ಸೆಂಟ್ ಇದ್ದಾಗ 150 ಕಿಲೋವ್ಯಾಟ್ ಚಾರ್ಜರ್‌ಗೆ ಹಾಕಿದೆ. ಶುರುವಿನಲ್ಲಿ 22 ಬಂತು, ಕೊನೆಗೆ 38, ಸರಾಸರಿ 31. ಅದರ ಮೇಲೆ ಹತ್ತಲೇ ಇಲ್ಲ. 50 ನಿಮಿಷ ಕಾದು 61 ಪರ್ಸೆಂಟ್‌ಗೆ ಎದ್ದು ಬಂದೆ. ಮೆನುವಿನಲ್ಲಿ ಪ್ರೀಕಂಡಿಷನಿಂಗ್ (ಮೊದಲೇ ಬಿಸಿ ಮಾಡಿಡೋದು) ಇದೆ, ಹೊರಡುವ ಅರ್ಧ ಗಂಟೆ ಮೊದಲೇ ಆನ್ ಮಾಡಿದ್ದೆ. ಸೀಟು ಬೆಚ್ಚಗಿತ್ತು, ಚಾರ್ಜಿಂಗ್ ಮಾತ್ರ ತಣ್ಣಗೇ ಇತ್ತು. ಇದರಿಂದ ನಿಜವಾಗಿ ಲಾಭ ಇದೆಯಾ? ನಿಮಗೆಲ್ಲ ಎಷ್ಟು ಬರುತ್ತದೆ?

ಎರಡು ಚಳಿಗಾಲ:
ಲಾಭ ಇದೆಯಾ ಅಂತ ಕೇಳುತ್ತೀರಲ್ಲ! ನನ್ನದು 800 ವೋಲ್ಟ್ ಗಾಡಿ, 77 ಯೂನಿಟ್. ಪ್ರತಿ ಚಾರ್ಜಿಂಗನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮನೆಯವರು ನಗುತ್ತಾರೆ, ನಗಲಿ. ಒಂದೇ ಚಾರ್ಜರ್, ಎರಡೂ ದಿನ ಹೊರಗೆ 2 ಡಿಗ್ರಿ. ಬಿಸಿ ಮಾಡದೆ ಹೋದಾಗ 10ರಿಂದ 80ಕ್ಕೆ 41 ನಿಮಿಷ, 92 ಕಿಲೋವ್ಯಾಟ್ ದಾಟಲಿಲ್ಲ. ಬಿಸಿ ಮಾಡಿಕೊಂಡು ಹೋದಾಗ 21 ನಿಮಿಷ, 220ರವರೆಗೂ ಹೋಯಿತು.

ಆದರೆ ಇದನ್ನು ಕಲಿಯೋಕೆ ನನಗೆ ಒಂದು ಇಡೀ ಚಳಿಗಾಲ ಹೋಯಿತು. ಮೊದಲ ವರ್ಷವೆಲ್ಲ ಫೋನಿನ ಮ್ಯಾಪ್ ನೋಡಿಕೊಂಡೇ ಓಡಿಸಿದೆ. ನಾನು ಚಾರ್ಜರ್‌ಗೆ ಹೋಗುತ್ತಿದ್ದೇನೆ ಅಂತ ಪಾಪ ಕಾರಿಗೆ ಹೇಗೆ ಗೊತ್ತಾಗಬೇಕು? ನನ್ನ ಗಾಡಿಯಲ್ಲಿ ಅದರದೇ ನ್ಯಾವಿಗೇಷನ್‌ನಲ್ಲಿ ಚಾರ್ಜರನ್ನೇ ಗುರಿಯಾಗಿ ಹಾಕಿದರೆ ಮಾತ್ರ ಬ್ಯಾಟರಿ ಹೀಟರ್ ಶುರುವಾಗುತ್ತದೆ. ಅದು ಗೊತ್ತಾದ ಮೇಲೂ ಎರಡು ಸಲ ಏಟು ತಿಂದೆ. ಒಮ್ಮೆ ಚಾರ್ಜ್ ತೀರಾ ಇಳಿದಿತ್ತು, ಹೀಟರ್ ತಾನೇ ಆಫ್ ಆಯಿತು. ಇನ್ನೊಮ್ಮೆ ಚಾರ್ಜರ್ ಮುಂದೆ 25 ನಿಮಿಷ ಕ್ಯೂ. ಹೀಟರ್ ಓಡುತ್ತಲೇ ಇತ್ತು, ನಿಂತಲ್ಲೇ 2 ಪರ್ಸೆಂಟ್ ಕರಗಿತು.

ಹಳೇ ಗಾಡಿ:
ಬಿಸಿ ಮಾಡೋದೊಂದೇ ಕಷ್ಟ ಅಂದುಕೊಂಡಿದ್ದೀರಾ? ನನ್ನ ಕಥೆ ಕೇಳಿ. 40 ಯೂನಿಟ್ ಬ್ಯಾಟರಿ, ಕೂಲಂಟೇ ಇಲ್ಲ, ಗಾಳಿ ಬಂದಷ್ಟು ತಣಿಯಬೇಕು. ಮಾರುವಾಗ ಇದನ್ನು ಯಾರೂ ಬಾಯಿ ಬಿಡಲಿಲ್ಲ. ಬೇಸಿಗೆಯಲ್ಲಿ ದೂರದ ಪ್ರಯಾಣ, ಒಂದೇ ದಿನ ಮೂರು ಫಾಸ್ಟ್ ಚಾರ್ಜ್. ಮೊದಲನೆಯದು 46 ಕಿಲೋವ್ಯಾಟ್. ಎರಡನೆಯದು 31. ಮೂರನೆಯ ಹೊತ್ತಿಗೆ ಬ್ಯಾಟರಿ ಪ್ಯಾಕ್ 52 ಡಿಗ್ರಿ, ಸಿಕ್ಕಿದ್ದು 17. 20ರಿಂದ 80 ಆಗೋಕೆ ಒಂದು ಗಂಟೆ 25 ನಿಮಿಷ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು, ಒಬ್ಬರು ಅತ್ತೆ. ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಈಗ ರಾತ್ರಿ ತಲುಪಿದ ತಕ್ಷಣ ಚಾರ್ಜಿಂಗ್ ಗನ್ ಹಾಕುತ್ತೇನೆ. ಚಳಿಗಾಲದಲ್ಲಿ ಅದೇ ಸರಿ. ಓಡಿಬಂದ ಪ್ಯಾಕ್ ಬೆಚ್ಚಗಿರುತ್ತದೆ. ಬೆಳಗ್ಗೆ ನೋಡೋಣ ಅಂತ ಬಿಟ್ಟರೆ ಕೆಟ್ಟಿರಿ. 220 ಕಿಲೋವ್ಯಾಟ್ ಅಂತ ಕುಣಿಯುವವರು ನಮ್ಮಂಥವರ ಕಡೆಗೂ ಒಂಚೂರು ನೋಡಲಿ.

ಎರಡು ಚಳಿಗಾಲ:
ಕುಣಿಯೋದು ಏನು ಬಂತು? ಕೇಳಿದರು, ಹೇಳಿದೆ. ಕೊಳ್ಳುವ ಮೊದಲು ಕೂಲಿಂಗ್ ಹೇಗಿದೆ ಅಂತ ವಿಚಾರಿಸದವರ ತಪ್ಪು ನನ್ನ ತಲೆಗೆ ಯಾಕೆ?

ಆಂಪಿಯರ್:
ಇಬ್ಬರೂ ಸ್ವಲ್ಪ ತಣ್ಣಗಾಗಿ, ಪ್ಯಾಕ್ ಥರ. ನಿಸಾನ್ ಲೀಫ್ ಕಾರಿನ 40 ಯೂನಿಟ್ ಮಾದರಿಗೆ 2018ರಲ್ಲೇ ಈ ಮೂರನೇ ಚಾರ್ಜಿನ ಕಾಟ ಜಗತ್ತಿಗೆಲ್ಲ ಗೊತ್ತಾಗಿತ್ತು. ರ‍್ಯಾಪಿಡ್‌ಗೇಟ್ ಅಂತ ಹೆಸರೂ ಬಿತ್ತು. ಅದು ಬಿಸಿಯ ಕಥೆ. ಚಳಿಯದು ಬೇರೆ. ತಣ್ಣಗಿರುವ ಸೆಲ್‌ಗೆ ಜೋರಾಗಿ ತುಂಬಿದರೆ ಲಿಥಿಯಂ, ಸೆಲ್‌ನಲ್ಲಿರುವ ಗ್ರಾಫೈಟ್ ಪದರದ ಒಳಗೆ ಸರಿಯಾಗಿ ಇಳಿಯುವುದಿಲ್ಲ, ಮೇಲೆಯೇ ಲೋಹವಾಗಿ ಕೂರುತ್ತದೆ. ಕೂತದ್ದೆಲ್ಲ ವಾಪಸ್ ಬರುವುದಿಲ್ಲ, ಅಷ್ಟು ಕೆಪಾಸಿಟಿ ಹೋದಂತೆಯೇ. ಅದಕ್ಕೇ ಬಿಎಂಎಸ್ (ಬ್ಯಾಟರಿ ನೋಡಿಕೊಳ್ಳುವ ಕಂಪ್ಯೂಟರ್) ಕೈ ಬಿಗಿ ಹಿಡಿಯುತ್ತದೆ. ಅದನ್ನು ಬೈಯಬೇಡಿ, ನಿಮ್ಮ ದುಡ್ಡನ್ನೇ ಕಾಯುತ್ತಿದೆ.

ಈಗ ಲೆಕ್ಕ. ಪ್ಯಾಕ್ 400 ಕೆಜಿ ಅಂತ ಇಟ್ಟುಕೊಳ್ಳಿ. ಒಂದು ಕೆಜಿಯನ್ನು ಒಂದು ಡಿಗ್ರಿ ಏರಿಸೋಕೆ ಹತ್ತಿರ ಹತ್ತಿರ ಒಂದು ಕಿಲೋಜೌಲ್. 30 ಡಿಗ್ರಿ ಏರಿಸಬೇಕಾದರೆ 12,000 ಕಿಲೋಜೌಲ್, ಅಂದರೆ 3.3 ಯೂನಿಟ್. 5 ಕಿಲೋವ್ಯಾಟ್ ಹೀಟರ್‌ಗೆ 40 ನಿಮಿಷದ ಕೆಲಸ. ದಾರಿಯಲ್ಲಿ ಸೋರಿಹೋಗುವ ಬಿಸಿ ಬೇರೆ. ಮನೆಯಿಂದ ಹತ್ತು ನಿಮಿಷದ ಚಾರ್ಜರ್‌ಗೆ ಇದೆಲ್ಲ ಸುಮ್ನೆ ದಂಡ. ಇನ್ನು 50 ಕಿಲೋವ್ಯಾಟ್ ಚಾರ್ಜರ್‌ಗಳು ಸಾಮಾನ್ಯವಾಗಿ 125 ಆಂಪಿಯರ್ ಕೊಡುತ್ತವೆ. 350 ವೋಲ್ಟ್ ಪ್ಯಾಕ್‌ಗೆ ಅದು 44 ಕಿಲೋವ್ಯಾಟ್. ತೀರಾ ಕೊರೆಯುವ ಚಳಿ ಬಿಟ್ಟರೆ ಅಷ್ಟನ್ನು ಅರೆಬೆಚ್ಚಗಿನ ಪ್ಯಾಕ್ ಕೂಡ ನುಂಗುತ್ತದೆ. ಅಲ್ಲಿಗೂ ಬಿಸಿ ಮಾಡಿಕೊಂಡು ಹೋಗೋದು ಅಂದರೆ ಮೂರು ಯೂನಿಟ್ ಸುಟ್ಟು ಎರಡು ನಿಮಿಷ ಉಳಿಸಿದ ಹಾಗೆ.

ಎರಡು ಚಳಿಗಾಲ:
ಎರಡು ನಿಮಿಷ ಅಲ್ಲ ಸಾರ್. ನನ್ನ ಪುಸ್ತಕದಲ್ಲಿ 50ರ ಚಾರ್ಜರ್‌ನಲ್ಲೂ 9 ನಿಮಿಷ ಉಳಿದಿದೆ. ಪುಟದ ಫೋಟೋ ಹಾಕಲಾ?

ಆಂಪಿಯರ್:
ಹಾಕಿ. ಎರಡೂ ದಿನ ಶುರುವಿನಲ್ಲಿ ಎಷ್ಟು ಪರ್ಸೆಂಟ್ ಇತ್ತು, ಆ ಕಾಲಮ್ ಸೇರಿಸಿಯೇ ಹಾಕಿ.

ನೀಲಿ ಹ್ಯಾಚ್‌ಬ್ಯಾಕ್:
ಎಲ್ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಇಟ್ಟುಕೊಂಡವರ ಗೋಳು ಇಲ್ಲಿ ಯಾರಿಗೂ ನೆನಪೇ ಇಲ್ಲ. ಚಳಿ ಅಂದರೆ ನಮ್ಮ ಸೆಲ್ ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಸೆಲ್‌ಗಿಂತ ಜಾಸ್ತಿ ಮುದುಡುತ್ತದೆ. ಜೊತೆಗೆ ಇನ್ನೊಂದು ಕಾಟ: ಚಾರ್ಜ್ ಇಳಿಯುತ್ತಿದ್ದರೂ ವೋಲ್ಟೇಜ್ ನಡುವೆ ಹೆಚ್ಚುಕಮ್ಮಿ ಚಪ್ಪಟೆ. ಎಷ್ಟು ಉಳಿದಿದೆ ಅನ್ನೋ ಲೆಕ್ಕ ಬಿಎಂಎಸ್‌ಗೇ ತಪ್ಪುತ್ತದೆ. ಹೋದ ತಿಂಗಳು 11 ಪರ್ಸೆಂಟ್ ತೋರಿಸುತ್ತಿದ್ದ ಕಾರು ಆರೇ ಕಿಲೋಮೀಟರ್‌ನಲ್ಲಿ 2ಕ್ಕೆ ಬಿತ್ತು. ಕೈಕಾಲು ನಡುಗಿತು. ಅದಕ್ಕೇ ವಾರಕ್ಕೊಮ್ಮೆ 100 ತುಂಬಿಸುತ್ತೇನೆ, ಮ್ಯಾನುಯಲ್‌ನಲ್ಲೇ ಹಾಗೆ ಬರೆದಿದೆ. ಮೊನ್ನೆ ಫಾಸ್ಟ್ ಚಾರ್ಜರ್‌ನಲ್ಲಿ 80ರಿಂದ 100 ಆಗೋಕೆ 38 ನಿಮಿಷ ಕೂತೆ. ಹಿಂದೆ ನಿಂತವನೊಬ್ಬ ಹಾರ್ನ್ ಹೊಡೆದೇ ಹೊಡೆದ. ಸಂಸ್ಕಾರ ಇಲ್ಲದವರು.

ಹಳೇ ಗಾಡಿ:
ಹಾರ್ನ್ ಹೊಡೆದದ್ದೇ ಸರಿ! 100 ಮಾಡಬೇಕಾದರೆ ಮನೆಯಲ್ಲಿ ರಾತ್ರಿ ನಿಧಾನವಾಗಿ ಮಾಡಿಕೊಳ್ಳಿ. 150ರ ಚಾರ್ಜರ್ ಹಿಡಿದುಕೊಂಡು 12 ಕಿಲೋವ್ಯಾಟ್ ಹೀರುತ್ತಾ ಕೂತರೆ ಹಿಂದಿನವರು ಏನು ಮಾಡಬೇಕು? ಅದು ಎರಡು ಗನ್‌ನ ಚಾರ್ಜರ್ ಆಗಿದ್ದರೆ ಪಕ್ಕದವನ ಪಾಲೂ ಹೋಯಿತು. ಕೆಲವು ಮಷಿನ್ ಅರ್ಧರ್ಧ ಹಂಚಿಬಿಡುತ್ತವೆ, ನಿಮಗೆ ಬೇಕೋ ಬೇಡವೋ.

ನೀಲಿ ಹ್ಯಾಚ್‌ಬ್ಯಾಕ್:
ಎಲ್ಲರ ಮನೆಯಲ್ಲೂ ಪ್ಲಗ್ ಇರುತ್ತದೆ ಅಂದುಕೊಂಡಿದ್ದೀರಲ್ಲ, ಪುಣ್ಯವಂತರು ನೀವು. ನಾನಿರೋದು ಮೂರನೇ ಮಹಡಿ. ಕಿಟಕಿಯಿಂದ ವೈರ್ ಇಳಿಬಿಡಲಾ?

ಎರಡು ಚಳಿಗಾಲ:
ಸ್ವಂತ ಪ್ಲಗ್ ಇಲ್ಲದವರು ಎಲೆಕ್ಟ್ರಿಕ್ ತಗೊಳ್ಳೋದೇ ತಪ್ಪು ಅಂತ ನಾನು ಮೊದಲಿಂದ ಹೇಳುತ್ತಲೇ ಇದ್ದೇನೆ.

ನೀಲಿ ಹ್ಯಾಚ್‌ಬ್ಯಾಕ್:
ಯಾರು ಕೇಳಿದರು ನಿಮ್ಮನ್ನ? ಪುಸ್ತಕ ಬರೆದುಕೊಂಡಿರಿ.

ಆಂಪಿಯರ್:
ಫೋಟೋ ಇನ್ನೂ ಬಂದಿಲ್ಲ.

ತಡವಾಗಿ ಬಂದವ:
ಎಲ್ಲ ಓದಿದೆ. ಹೊಸ ಸ್ಟಿಯರಿಂಗ್ ಅವರೇ, ಸೀಟು ಬೆಚ್ಚಗಿತ್ತು ಅಂದಿರಲ್ಲ, ಅದು ಕ್ಯಾಬಿನ್ ಪ್ರೀಕಂಡಿಷನಿಂಗ್. ಎಷ್ಟೋ ಕಾರುಗಳಲ್ಲಿ ಅದು ನಮ್ಮ ಬೆನ್ನು ಬಿಸಿ ಮಾಡುತ್ತದೆ ಅಷ್ಟೇ, ಬ್ಯಾಟರಿಯ ಕಡೆ ತಿರುಗಿಯೂ ನೋಡುವುದಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟ ಪುಣ್ಯಾತ್ಮ ಯಾರೋ. ನಾನೂ ಮೂರು ತಿಂಗಳು ಇದರಲ್ಲೇ ಮೋಸ ಹೋಗಿದ್ದೆ. ಹೊರಡುವ ಅರ್ಧ ಗಂಟೆ ಮೊದಲು ಫೋನಿನಿಂದ ಆನ್ ಮಾಡುತ್ತಿದ್ದೆ, ಏನೋ ದೊಡ್ಡ ಕೆಲಸ ಮಾಡಿದೆ ಅನ್ನೋ ಭಾವನೆ. ಆಮೇಲೆ ಒಬಿಡಿ ಡಾಂಗಲ್ (ಕಾರಿನೊಳಗಿನ ಅಂಕಿಗಳನ್ನು ಓದುವ ಪುಟ್ಟ ಸಾಧನ) ಹಾಕಿ ನೋಡಿದರೆ ಸೆಲ್ ಇನ್ನೂ 5 ಡಿಗ್ರಿಯಲ್ಲೇ ಮಲಗಿತ್ತು. ಬ್ಯಾಟರಿಯದು ಬೇರೆ ಮೆನುವಿನಲ್ಲಿ ಇರುತ್ತದೆ. ಕೆಲವು ಕಾರುಗಳಲ್ಲಿ ಬಟನ್ನೇ ಇರುವುದಿಲ್ಲ, ನ್ಯಾವಿಗೇಷನ್ ಒಂದೇ ದಾರಿ. ನಿಮ್ಮದರಲ್ಲಿ ಸೆಲ್ ಯಾವುದು, ಎಲ್ಎಫ್‌ಪಿಯಾ?

ಹೊಸ ಸ್ಟಿಯರಿಂಗ್:
ಹೌದು, ಎಲ್ಎಫ್‌ಪಿ. ಈಗ ಕೆಳಗೆ ಹೋಗಿ ಕಾರಿನಲ್ಲಿ ಕೂತು ಹುಡುಕಿದೆ. ಚಾರ್ಜಿಂಗ್ ಮೆನು, ಅದರೊಳಗೆ ಇನ್ನೊಂದು ಮೆನು, ಅದರ ಕೊನೆಯಲ್ಲಿ ಬ್ಯಾಟರಿ ಹೀಟಿಂಗ್ ಅಂತ ಇದೆ. ಆಫ್ ಆಗಿತ್ತು. ಶನಿವಾರ 50 ಕಿಲೋಮೀಟರ್ ದೂರದ ಚಾರ್ಜರ್‌ಗೆ ಹೋಗುವುದಿದೆ, ಆನ್ ಮಾಡಿಕೊಂಡು ಹೋಗಿ ನಂಬರ್ ಹಾಕುತ್ತೇನೆ.

ನೀಲಿ ಹ್ಯಾಚ್‌ಬ್ಯಾಕ್:
ಎಲ್ಎಫ್‌ಪಿ ಅಂತ ಮೊದಲೇ ಹೇಳಬಾರದಾ! ಹಾಗಿದ್ದರೆ 100 ತುಂಬಿಸೋದು ಮರೀಬೇಡಿ.

ಹಳೇ ಗಾಡಿ:
ಮನೆಯಲ್ಲಿ.