ನಮ್ಮ ಚಿನ್ನಿ ಇಷ್ಟು ಕೂಗೋದು ಯಾಕೆ? ನಿಮ್ಮ ಮನೆ ಬೆಕ್ಕಿನ ಮಾತು ನಿಮಗೆ ಹೇಗೆ ತಿಳಿಯುತ್ತದೆ?

ಕೇಳಿದವರು, ಕಲಬುರಗಿಯಿಂದ

ಬೆಕ್ಕು ಸಾಕಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ. ನಮ್ಮ ಚಿನ್ನಿ ಎರಡು ವರ್ಷ ದಾಟಿದ ಹೆಣ್ಣು ಬೆಕ್ಕು, ಆಪರೇಷನ್ ಆಗಿದೆ. ಆಳಂದ ಕಡೆ ನಮ್ಮ ಊರ ಮನೆಯಲ್ಲೇ ಹುಟ್ಟಿ ಬೆಳೆದದ್ದು. ಮಕ್ಕಳ ಶಾಲೆ ಸಲುವಾಗಿ ಈ ವರ್ಷ ಕಲಬುರಗಿಯಲ್ಲಿ ಬಾಡಿಗೆ ಮನೆ ಮಾಡಿದೆವು, ಅದನ್ನೂ ಜೊತೆಗೆ ತಂದೆವು. ಊರಲ್ಲಿ ಅದು ಬಾಯಿ ಬಿಟ್ಟಿದ್ದೇ ಅಪರೂಪ. ಇಲ್ಲಿಗೆ ಬಂದ ಮೇಲೆ ಮಾತೇ ಮಾತು. ಬಟ್ಟಲಲ್ಲಿ ಊಟ ಇದ್ದರೂ ಕೂಗುತ್ತದೆ. ಬೆಳಗಿನ ಜಾವ ಅಡುಗೆಮನೆ ಕಿಟಕಿ ಹತ್ತಿರ ನಿಂತು ಒಂದೇ ಸಮನೆ ಕೂಗುತ್ತದೆ. ಇನ್ನೊಂದು, ಮಗಳು ಮೈ ಸವರುತ್ತಿದ್ದರೆ ಆರಾಮಾಗಿ ಮಲಗಿರುತ್ತದೆ, ಇದ್ದಕ್ಕಿದ್ದಂತೆ ಕೈ ಕಚ್ಚಿ ಓಡುತ್ತದೆ.

ಅತ್ತೆಯವರು "ಬೆಕ್ಕು ಅತ್ತರ ಮನಿಗಿ ಛಲೋ ಅಲ್ಲ, ಊರಿಗಿ ಬಿಟ್ಟು ಬರ್ರಿ" ಅನ್ನುತ್ತಿದ್ದಾರೆ. ನನಗೆ ಬಿಡೋ ಮನಸ್ಸಿಲ್ಲ. ಅದು ಏನು ಹೇಳುತ್ತಿದೆ ಅಂತ ತಿಳಿದರೆ ಸಾಕು.

ಬೀದರಿನಿಂದ, ನಿವೃತ್ತ ಶಿಕ್ಷಕಿ

ತಂಗೀ, ಮೊದಲು ನಿನ್ನ ಅತ್ತೆಯವರಿಗೆ ಹೇಳು, ಅದು ಅಳುತ್ತಿಲ್ಲ. ನಿಮ್ಮನ್ನು ಕರೆಯುತ್ತಿದೆ.

ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಅನ್ನುವುದು ಬಾಳ ಕಡಿಮೆ. ಅದು ಮರಿಗಳು ತಾಯಿಯನ್ನು ಕರೆಯುವ ದನಿ. ಬೆಳೆದ ಮೇಲೆ ಒಂದಕ್ಕೊಂದು ವಾಸನೆ, ಬಾಲ, ಕಿವಿ, ಕಣ್ಣಿನಲ್ಲೇ ತಿಳಿಸಿಕೊಳ್ಳುತ್ತವೆ. ಜಗಳ ಬಿದ್ದಾಗ, ಬೆದೆಗೆ ಬಂದಾಗ ಊಳಿಡುತ್ತವೆ, ಅದು ಬೇರೆ. ಮಿಯಾಂವ್ ಅನ್ನು ಉಳಿಸಿಕೊಳ್ಳುವುದು ಮನುಷ್ಯರಿಗೋಸ್ಕರ. ನಾವು ಬಾಲ ನೋಡುವುದಿಲ್ಲ, ದನಿ ಕೇಳಿದರೆ ಮಾತ್ರ ತಿರುಗಿ ನೋಡುತ್ತೇವೆ ಅಂತ ಅವು ಬೇಗ ಕಲಿತುಬಿಡುತ್ತವೆ.

ಊರಲ್ಲಿ ಯಾಕೆ ಕೂಗುತ್ತಿರಲಿಲ್ಲ ಅಂತ ಯೋಚಿಸು. ಅಲ್ಲಿ ಬಾಗಿಲು ಇಡೀ ದಿನ ತೆರೆದೇ ಇರುತ್ತದೆ. ಹಿತ್ತಲಲ್ಲಿ ಇಲಿ, ಮೇಲೆ ಮಾಳಿಗೆ, ನೆರಳು ಬೇಕಂದರೆ ದನದ ಕೊಟ್ಟಿಗೆ. ಯಾರನ್ನೂ ಕೇಳುವ ಅಗತ್ಯವೇ ಇಲ್ಲ. ಬಾಡಿಗೆ ಮನೆಯಲ್ಲಿ ಎಲ್ಲ ಬಾಗಿಲೂ ನಿಮ್ಮ ಕೈಯಲ್ಲಿವೆ. ಊಟ, ನೀರು, ಕಿಟಕಿ, ಎಲ್ಲದಕ್ಕೂ ನಿಮ್ಮನ್ನೇ ಕೇಳಬೇಕು. ಕೇಳುತ್ತಿದೆ, ಅಷ್ಟೇ.

ಏನು ಕೇಳುತ್ತಿದೆ ಅಂತ ತಿಳಿಯಲು ದನಿಯ ಹಿಂದೆ ಬೀಳಬೇಡ. ಎಲ್ಲಿ ನಿಂತು ಕೂಗಿತು, ಯಾವ ಹೊತ್ತಿಗೆ ಕೂಗಿತು, ಕೂಗಿ ಯಾವ ಕಡೆ ನೋಡಿತು, ಇದನ್ನು ಗಮನಿಸು. ನಮ್ಮ ಮನೆ ಬೆಕ್ಕು ಬೇಸಿಗೆಯಲ್ಲಿ ಮಧ್ಯಾಹ್ನ ಬಚ್ಚಲಮನೆ ಬಾಗಿಲ ಮುಂದೆ ಕೂತು ಸಣ್ಣಗೆ ಒಂದು ಸಲ ಕೂಗುತ್ತದೆ. ನಾನು ನೋಡದಿದ್ದರೆ ಕಾಲಿಗೆ ಬಂದು ಕೆನ್ನೆ ಉಜ್ಜುತ್ತದೆ, ಮತ್ತೆ ಬಾಗಿಲಿಗೆ ಹೋಗುತ್ತದೆ, ಹಿಂದೆ ತಿರುಗಿ ನಾನು ಬರುತ್ತಿದ್ದೇನಾ ಅಂತ ನೋಡುತ್ತದೆ. ಬಾಗಿಲು ತೆರೆದರೆ ಒಳಗೆ ಹೋಗಿ ಒದ್ದೆ ಆರಿದ ಶಹಾಬಾದ್ ಫರ್ಸಿ ಮೇಲೆ ಹೊಟ್ಟೆ ಹಚ್ಚಿ, ನಾಲ್ಕೂ ಕಾಲು ಚಾಚಿ ಮಲಗುತ್ತದೆ. ತಂಪು ಬೇಕಿತ್ತು ಅದಕ್ಕೆ. ಅದೇ ದನಿ ಸಂಜೆ ಅಡುಗೆಮನೆ ಕಟ್ಟೆ ಹತ್ತಿರ ಬಂದರೆ ಹಾಲಿಗೆ ಅಂತ ಅರ್ಥ. (ಹಾಲು ಎಷ್ಟೋ ಬೆಕ್ಕಿಗೆ ಹೊಟ್ಟೆ ಕೆಡಿಸುತ್ತದೆ. ನಾನು ಕೊಡುವುದಿಲ್ಲ, ಆದರೂ ಕೇಳುವುದನ್ನು ಅದು ಬಿಟ್ಟಿಲ್ಲ.)

ಇನ್ನೊಂದು ಮಾತು. ಬೆಕ್ಕಿನ ಕೆನ್ನೆ, ಗದ್ದ, ಹಣೆ, ಬಾಲದ ಬುಡದಲ್ಲಿ ವಾಸನೆ ಗ್ರಂಥಿಗಳಿವೆ. ಬಾಗಿಲ ಚೌಕಟ್ಟು, ಕುರ್ಚಿ ಕಾಲು, ನಿನ್ನ ಕಾಲು, ಎಲ್ಲದಕ್ಕೂ ಉಜ್ಜಿ ತನ್ನ ವಾಸನೆ ಹಚ್ಚಿಡುತ್ತದೆ. ಇದು ನನ್ನ ಜಾಗ, ಇವರು ನನ್ನವರು ಅಂತ ಅದಕ್ಕೆ ಧೈರ್ಯ ಬರುವುದು ಆ ವಾಸನೆಯಿಂದ. ಹೊಸ ಮನೆಯಲ್ಲಿ ಅದರ ವಾಸನೆ ಎಲ್ಲೂ ಇಲ್ಲ. ಊರಿಂದ ತಂದ ಹಳೇ ಕೌದಿ ಇದ್ದರೆ ತೊಳೆಯದೇ ಅದರ ಮೂಲೆಯಲ್ಲಿ ಹಾಸಿಬಿಡು. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತಿದ್ದರೆ ನಿಲ್ಲಿಸು. ವಾಸನೆ ಅಳಿಸಿಹೋಗುತ್ತದೆ ಅನ್ನುವುದು ಒಂದು, ಪಾದ ನೆಕ್ಕುವಾಗ ಅದು ಬೆಕ್ಕಿನ ಹೊಟ್ಟೆಗೂ ಹೋಗುತ್ತದೆ. ಅದು ವಿಷ.

ಯಾದಗಿರಿಯಿಂದ, ಕಿರಾಣಿ ಅಂಗಡಿಯವರು

ಅಕ್ಕಾರೆ, ಕಚ್ಚೋ ವಿಷಯ ನಾನು ಹೇಳ್ತೀನಿ. ನಮ್ಮ ಅಂಗಡಿ ಬೆಕ್ಕು ಅಕ್ಕಿ ಚೀಲದ ಮೇಲೆ ಮಲಗುತ್ತದೆ. ಬಂದ ಮಕ್ಕಳೆಲ್ಲ ಮುಟ್ಟುತ್ತಾರೆ. ಅದಕ್ಕೆ ನಾನು ಒಂದು ಕಣ್ಣು ಅದರ ಬಾಲದ ಮೇಲೇ ಇಟ್ಟಿರುತ್ತೇನೆ.

ಇದ್ದಕ್ಕಿದ್ದಂತೆ ಯಾವ ಬೆಕ್ಕೂ ಕಚ್ಚುವುದಿಲ್ಲ. ಮೊದಲು ಬಾಲದ ತುದಿ ಮಾತ್ರ ಅಲ್ಲಾಡುತ್ತದೆ. ಆಮೇಲೆ ಬೆನ್ನ ಮೇಲಿನ ಚರ್ಮ ಒಂದು ಸಲ ನಡುಗಿದಂತೆ ಆಗುತ್ತದೆ. ಕಿವಿ ಪಕ್ಕಕ್ಕೆ ತಿರುಗುತ್ತದೆ. ಗುರುಗುರು ಅನ್ನುತ್ತಿದ್ದರೆ ಅದು ನಿಲ್ಲುತ್ತದೆ. ತಲೆ ಕೈ ಕಡೆ ತಿರುಗುತ್ತದೆ. ಇಷ್ಟು ಆಗುವ ಮೊದಲೇ ಕೈ ತೆಗೆಯಬೇಕು. ಅದು ಸಾಕು, ಸಾಕು ಅಂತ ನಾಲ್ಕು ಸಲ ಹೇಳಿದ ಮೇಲೇ ಹಲ್ಲು ಹಚ್ಚುವುದು. ನಾಯಿ ಬಾಲ ಅಲ್ಲಾಡಿಸಿದರೆ ಖುಷಿ ಅಂತ ಮಕ್ಕಳಿಗೆ ಗೊತ್ತು. ಬೆಕ್ಕಿನದೂ ಹಂಗೇ ಅಂದುಕೊಳ್ಳುತ್ತಾರೆ. ಬೆಕ್ಕಿನ ಖುಷಿ ಬಾಲ ನೆಟ್ಟಗೆ ಮೇಲೆತ್ತಿ, ತುದಿ ಸ್ವಲ್ಪ ಬಾಗಿಸಿಕೊಂಡು ಬರುವುದರಲ್ಲಿ ಇದೆ. ಬೆಳಿಗ್ಗೆ ಶಟರ್ ಎತ್ತಿದಾಗ ನಮ್ಮದು ಹಂಗೇ ಬರುತ್ತದೆ.

ಹೊಟ್ಟೆ ಮೇಲೆ ಮಾಡಿ ಉರುಳಿದರೆ ನಂಬಿಕೆ ಇದೆ ಅಂತ, ಮುಟ್ಟು ಅಂತ ಅಲ್ಲ. ಮಗಳಿಗೆ ಗದ್ದದ ಕೆಳಗೆ, ಕೆನ್ನೆ, ಕಿವಿ ಬುಡ, ಇಷ್ಟು ಮಾತ್ರ ಸವರಲು ಹೇಳಿ. ನಡುನಡುವೆ ಕೈ ಹಿಂದೆ ತೆಗೆಯಲಿ. ಬೇಕಿದ್ದರೆ ಚಿನ್ನಿಯೇ ತಲೆ ತಂದು ಕೈಗೆ ಗುದ್ದುತ್ತಾಳೆ.

ಕೇಳಿದವರು

ಅಣ್ಣಾರೆ, ಬಾಲದ ತುದಿ ಈವತ್ತೇ ನೋಡಿದೆ. ನೀವು ಹೇಳಿದ ಹಾಗೇ. ಮಗಳಿಗೆ ತೋರಿಸಿದೆ, ಅವಳೇ ಈಗ "ಅಮ್ಮಾ, ಸಾಕಂತೆ" ಅಂತ ಕೈ ತೆಗೆಯುತ್ತಾಳೆ. ಒಂದು ಅನುಮಾನ. ಬೆಳಗಿನ ಜಾವ ನನ್ನ ತಲೆದಿಂಬಿನ ಹತ್ತಿರ ಬಂದು ಗುರುಗುರು ಅನ್ನುತ್ತದೆ. ಹಗಲಲ್ಲಿ ಅದೇ ಸದ್ದು ಜೋಗುಳದಂತೆ ಇರುತ್ತದೆ, ಬೆಳಗಿನ ಜಾವ ಮಾತ್ರ ಮಲಗಲಿಕ್ಕೇ ಆಗುವುದಿಲ್ಲ. ಯಾಕೆ ಹಾಗೆ?

ಕಲಬುರಗಿಯಿಂದ, ಬಂದೇನವಾಜ್ ದರ್ಗಾ ಹತ್ತಿರದವರು

ಬೆಹನ್, ನಿಮ್ಮ ಕಿವಿ ಸರಿಯಾಗೇ ಹಿಡಿದಿದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮೆಕೊಂಬ್ ಮತ್ತು ಜೊತೆಗಾರರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಊಟ ಕೇಳುವಾಗಿನ ಗುರುಗುರು, ಸುಮ್ನೆ ಮಲಗಿದಾಗಿನ ಗುರುಗುರು, ಎರಡನ್ನೂ ರೆಕಾರ್ಡ್ ಮಾಡಿ ಜನರಿಗೆ ಕೇಳಿಸಿದರು. ಊಟ ಕೇಳುವಾಗಿನದರಲ್ಲಿ ತಗ್ಗಿನ ಸದ್ದಿನ ಒಳಗೆ ಒಂದು ಎತ್ತರದ, ಅಳುವಿನಂಥ ದನಿ ಸೇರಿರುತ್ತದೆ. ಎಳೇ ಕೂಸಿನ ಅಳುವಿಗೆ ಅದು ಹತ್ತಿರ. ಬೆಕ್ಕು ಸಾಕದವರಿಗೂ ಆ ಸದ್ದು ಅವಸರದ್ದು ಅಂತ ಅನಿಸಿತು. ಹಾಗಾಗಿ ನಿಮಗೆ ನಿದ್ದೆ ಬಾರದೇ ಇರುವುದು ಸಹಜವೇ.

ನಮ್ಮ ಮನೆಯಲ್ಲಿ ಮಾತು ದಖನಿ, ಬೀದಿಯಲ್ಲಿ ಕನ್ನಡ. ನಮ್ಮ ಬೆಕ್ಕಿಗೆ ಮನೆಯಲ್ಲಿ ಶೇರು ಅಂತ ಹೆಸರು, ಪಕ್ಕದ ಮನೆಯ ಅಜ್ಜಿ ಕರಿಯಾ ಅಂತ ಕರೆಯುತ್ತಾರೆ. ಎರಡಕ್ಕೂ ಕಿವಿ ತಿರುಗಿಸುತ್ತದೆ. ಬರುವುದು ಬಿಡುವುದು ಅದರ ಇಷ್ಟ. ಜಪಾನಿನ ಅತ್ಸುಕೊ ಸೈಟೊ ಅವರ ತಂಡ 2019ರಲ್ಲಿ ತೋರಿಸಿದ್ದೂ ಇದನ್ನೇ. ಬೇರೆ ನಾಲ್ಕು ಪದ ಹೇಳಿ, ಐದನೆಯದಾಗಿ ಬೆಕ್ಕಿನ ಹೆಸರು ಹೇಳಿದರು. ಮೊದಲ ನಾಲ್ಕಕ್ಕೆ ಬರಬರುತ್ತಾ ಗಮನ ಕಡಿಮೆ ಮಾಡಿದ ಬೆಕ್ಕುಗಳು ತಮ್ಮ ಹೆಸರಿಗೆ ಮತ್ತೆ ಕಿವಿ, ತಲೆ ತಿರುಗಿಸಿದವು. ಹೆಸರು ಅವಕ್ಕೆ ಗೊತ್ತಾಗುತ್ತದೆ. ಹೊಸ ಮನೆಯಲ್ಲಿ ಚಿನ್ನಿಯನ್ನು ಎಲ್ಲರೂ ಒಂದೇ ಹೆಸರಿಂದ, ಊಟ ಹಾಕುವಾಗ, ಪ್ರೀತಿ ಮಾಡುವಾಗ ಕರೆಯಿರಿ. ಬೈಯುವಾಗ ಆ ಹೆಸರು ಬೇಡ.

ಮತ್ತೆ ಕಣ್ಣಿನ ಮಾತು. ದೂರ ಕೂತು ಅದು ನಿಮ್ಮನ್ನು ನೋಡುವಾಗ, ನೀವು ಕಣ್ಣನ್ನು ಅರ್ಧ ಮುಚ್ಚಿ, ನಿಧಾನವಾಗಿ ಪೂರ್ತಿ ಮುಚ್ಚಿ ತೆರೆಯಿರಿ. ದಿಟ್ಟಿಸಿ ನೋಡಬೇಡಿ, ಅದು ಬೆಕ್ಕಿಗೆ ಬೆದರಿಕೆ. ಸಸೆಕ್ಸಿನವರೇ 2020ರಲ್ಲಿ ಇದನ್ನೂ ನೋಡಿದ್ದಾರೆ. ಹೀಗೆ ಕಣ್ಣು ಮುಚ್ಚಿ ತೆರೆದವರಿಗೆ ಬೆಕ್ಕುಗಳೂ ಹಾಗೇ ಉತ್ತರ ಕೊಟ್ಟವು, ಅಪರಿಚಿತರು ಮಾಡಿದರೂ ಅವರ ಕೈ ಹತ್ತಿರ ಬರಲು ಜಾಸ್ತಿ ಒಪ್ಪಿದವು. ನಮ್ಮ ಅಮ್ಮಿ ಇದನ್ನು ಯಾರಿಂದಲೂ ಕಲಿಯದೇ ಮಾಡುತ್ತಾರೆ. ಜಾನಮಾಜ್ ಮಡಚಿ ಇಟ್ಟು ಕೂತಾಗ ಶೇರು ಎದುರು ಕೂರುತ್ತದೆ, ಇಬ್ಬರೂ ಒಬ್ಬರಿಗೊಬ್ಬರು ಕಣ್ಣು ಮುಚ್ಚಿ ತೆರೆಯುತ್ತಾ ಇರುತ್ತಾರೆ. ನೋಡಲು ಬಾಳ ಚೆಂದ.

ಕಲಬುರಗಿಯಿಂದ, ಎಂಜಿನಿಯರಿಂಗ್ ವಿದ್ಯಾರ್ಥಿ

ಬೆಳಗಿನ ಜಾವದ ಕೂಗಿಗೆ ನಾನು ಮಾಡಿದ್ದು ಇದು. ಬೆಕ್ಕು ಚುರುಕಾಗುವುದೇ ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಅದಕ್ಕೆ ರಾತ್ರಿ ಮಲಗುವ ಮೊದಲು ದಾರಕ್ಕೆ ಬಟ್ಟೆ ತುಂಡು ಕಟ್ಟಿ ಚೆನ್ನಾಗಿ ಓಡಾಡಿಸಿದೆ, ಆಮೇಲೆ ಊಟ ಹಾಕಿದೆ. ಆಡಿದ ಮೇಲೆ ದಾರ ಎತ್ತಿಟ್ಟುಬಿಡಿ, ನುಂಗಿದರೆ ಕರುಳಿಗೆ ಅಪಾಯ. ಕೂಗಿದ ಕೂಡಲೇ ಎದ್ದು ಊಟ ಹಾಕಬೇಡಿ ಅಕ್ಕಾ. ಕೂಗಿದರೆ ಊಟ ಬರುತ್ತದೆ ಅಂತ ಕಲಿತರೆ ನಾಳೆ ಇನ್ನೂ ಬೇಗ ಕೂಗುತ್ತದೆ.

ಬೀದರಿನಿಂದ, ನಿವೃತ್ತ ಶಿಕ್ಷಕಿ

ತಮ್ಮಾ, ನಿನ್ನ ಮಾತು ಒಪ್ಪುತ್ತೇನೆ, ಆದರೆ ಒಂದು ಸೇರಿಸುತ್ತೇನೆ. ಸುಮ್ಮನಿರುವ ಮೊದಲು ಒಂದು ಸಲವಾದರೂ ಎದ್ದು ಹೋಗಿ ಅದು ಎಲ್ಲಿ ನೋಡುತ್ತಿದೆ ಅಂತ ನೋಡಬೇಕು. ತಂಗಿ "ಅಡುಗೆಮನೆ ಕಿಟಕಿ" ಅಂದಿದ್ದಾಳೆ. ಊಟದ ಬಟ್ಟಲು ಅಂದಿಲ್ಲ.

ಬೀದರಿನಿಂದ, ಮತ್ತೊಬ್ಬರು

ಇದನ್ನು ಓದುವವರಲ್ಲಿ ಗಂಡು ಬೆಕ್ಕು ಸಾಕಿದವರೂ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮ ಗಂಡು ಬೆಕ್ಕು ಒಂದು ಸಂಜೆ ಮತ್ತೆ ಮತ್ತೆ ಮರಳಿನ ಟ್ರೇಗೆ ಹೋಗಿ ಕೂರುತ್ತಿತ್ತು. ಕೂತು ತಿಣುಕುತ್ತಿತ್ತು, ಹಿಂದೆ ನೆಕ್ಕಿಕೊಳ್ಳುತ್ತಿತ್ತು, ಒಂದು ಆಳವಾದ ದನಿ ತೆಗೆಯುತ್ತಿತ್ತು. ಅಂಥ ದನಿ ಅದರ ಬಾಯಲ್ಲಿ ನಾವು ಕೇಳಿರಲೇ ಇಲ್ಲ. ಮಲಬದ್ಧತೆ ಇರಬೇಕು ಅಂತ ಮನೆಗೆ ಬಂದವರು ಅಂದರು. ನಮ್ಮ ಮನೆಯವರು ಮರಳು ಕೈಯಲ್ಲಿ ಕೆದಕಿ ನೋಡಿದರು. ಪೂರ್ತಿ ಒಣಗಿತ್ತು. ಉಚ್ಚೆ ಕಟ್ಟಿತ್ತು. ಆಗಲೇ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ದೆವು. ನಳಿಗೆ ಹಾಕಿ ತೆಗೆದರು, ಬದುಕಿತು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣ, ಬೇಗ ಕಟ್ಟಿಕೊಳ್ಳುತ್ತದೆ. ಒಂದೆರಡು ದಿನ ಬಿಟ್ಟರೆ ಜೀವವೇ ಹೋಗುತ್ತದೆ. ಬೆಳಿಗ್ಗೆ ನೋಡೋಣ ಅನ್ನಬೇಡಿ. ಹೊಟ್ಟೆ ಒತ್ತಬೇಡಿ. ನೋವಿಗೆ ಅಂತ ನಮ್ಮ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗೆ ಅದು ಸಾಯಿಸುವ ವಿಷ.

ಇನ್ನೊಂದು, ಗುರುಗುರು ಅಂದರೆ ಯಾವಾಗಲೂ ಖುಷಿ ಅಲ್ಲ. ನೋವಿನಲ್ಲಿ, ಹೆರುವಾಗ ಕೂಡ ಬೆಕ್ಕು ಗುರುಗುಟ್ಟುತ್ತದೆ. ಗಾಡಿಯಲ್ಲಿ ಒಯ್ಯುವಾಗ ನಮ್ಮದು ನನ್ನ ಮಡಿಲಲ್ಲಿ ಗುರುಗುಟ್ಟುತ್ತಲೇ ಇತ್ತು. ಮೂಲೆ ಸೇರಿ ಕೂತು, ಊಟ ಬಿಟ್ಟು, ಮೈ ನೆಕ್ಕುವುದು ನಿಲ್ಲಿಸಿ ಗುರುಗುಟ್ಟಿದರೆ ಅದು ಬೇರೆ ಸುದ್ದಿ. ನಮ್ಮ ಕಡೆ ಮೇ ತಿಂಗಳ ಬಿಸಿಲು ನಿಮಗೆ ಗೊತ್ತು. ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಟ್ಟರೆ ಅದೂ ತುರ್ತು. ತಂಪು ಜಾಗಕ್ಕೆ ತಂದು, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಾ ದವಾಖಾನೆಗೆ ಓಡಿ.

ಯಾದಗಿರಿಯಿಂದ, ಕಿರಾಣಿ ಅಂಗಡಿಯವರು

ಇದು ನನಗೆ ಗೊತ್ತಿರಲಿಲ್ಲ ರೀ. ನಮ್ಮದೂ ಗಂಡೇ. ಹೇಳಿ ಪುಣ್ಯ ಕಟ್ಟಿಕೊಂಡಿರಿ.

ಕೇಳಿದವರು

ಎಲ್ಲರಿಗೂ ಬಾಳ ಧನ್ಯವಾದ. ಟೀಚರಮ್ಮ ಹೇಳಿದ ಹಾಗೆ ನಸುಕಿನಲ್ಲಿ ಎದ್ದು, ಲೈಟ್ ಹಾಕದೇ ಚಿನ್ನಿ ಹಿಂದೆ ನಿಂತು ನೋಡಿದೆ. ಕಿಟಕಿ ಹೊರಗೆ ಕಾಂಪೌಂಡ್ ಗೋಡೆ ಮೇಲೆ ಒಂದು ದಪ್ಪ ಗಂಡು ಬೆಕ್ಕು ಕೂತಿತ್ತು. ಚಿನ್ನಿಯ ಬಾಲ ಎರಡು ಪಟ್ಟು ಉಬ್ಬಿತ್ತು, ಕಿವಿ ತಲೆಗೆ ಅಂಟಿತ್ತು. ಊಟಕ್ಕೂ ಅಲ್ಲ, ಊರ ನೆನಪಿಗೂ ಅಲ್ಲ, ಅದನ್ನು ಓಡಿಸಿ ಅಂತ ನಮ್ಮನ್ನು ಎಬ್ಬಿಸುತ್ತಿತ್ತು. ಅತ್ತೆಯವರನ್ನೂ ಕರೆದು ತೋರಿಸಿದೆ. ಅವರೇ ಕೋಲು ತಂದು ಗೋಡೆಗೆ ಬಡಿದು ಓಡಿಸಿದರು. ಈಗ "ಪಾಪ, ಕಾವಲ ಕಾಯ್ತದ" ಅನ್ನುತ್ತಿದ್ದಾರೆ, ಊರಿಗೆ ಬಿಡುವ ಮಾತು ಇಲ್ಲ.

ಕಿಟಕಿಯ ಕೆಳಗಿನ ಅರ್ಧಕ್ಕೆ ದಪ್ಪ ಕಾಗದ ಅಂಟಿಸಿದ್ದೇವೆ. ಕೂಗು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಫಿನಾಯಿಲ್ ಬಿಟ್ಟು ಬರೀ ನೀರಲ್ಲಿ ಒರೆಸುತ್ತಿದ್ದೇನೆ. ಹೊರಗಿನ ಬೆಕ್ಕು ಕಿಟಕಿ ತನಕ ಬರುತ್ತದೆ ಅಂದರೆ ಲಸಿಕೆ ಬಾಕಿ ಇಡೋದು ಬೇಡ ಅಂತ ಸೋಮವಾರ ಚಿನ್ನಿಯನ್ನು ದನದ ದವಾಖಾನೆಗೆ ಒಯ್ಯುತ್ತಿದ್ದೇವೆ. ರೇಬಿಸ್ ಚುಚ್ಚುಮದ್ದಿನ ಜೊತೆ ಇನ್ನೇನು ಹಾಕಿಸಬೇಕು, ಯಾರಾದರೂ ಹೇಳಿ.

ಬೀದರಿನಿಂದ, ಮತ್ತೊಬ್ಬರು

ಮೂರು ರೋಗಕ್ಕೆ ಸೇರಿ ಒಂದು ಲಸಿಕೆ ಇದೆ. ಬೆಕ್ಕಿನ ವಾಂತಿಭೇದಿ ರೋಗ, ಶೀತ ತರುವ ಎರಡು ವೈರಸ್, ಇವಕ್ಕೆ. ಊರಲ್ಲಿ ಹಾಕಿಸಿದ್ದರೆ ಆ ಚೀಟಿ ಒಯ್ಯಿರಿ. ಕೈಯಲ್ಲಿ ಎತ್ತಿಕೊಂಡು ಹೋಗಬೇಡಿ, ಬುಟ್ಟಿಗೆ ಆ ಹಳೇ ಕೌದಿ ಹಾಸಿ, ಮುಚ್ಚಳ ಕಟ್ಟಿ. ಅಲ್ಲಿ ನಾಯಿಗಳಿರುತ್ತವೆ.