ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವುದಕ್ಕೆ ಏನನ್ನೋಣ?

ನಮಸ್ಕಾರ. ಹಕ್ಕಿಗಳು ಮೇವು ಹಿಡಿಯುವ ಬಗೆಗಳ ಮೇಲೆ ಶಾಲೆ ಮಕ್ಕಳಿಗಾಗಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಉಳಿದದ್ದೆಲ್ಲ ಸಲೀಸಾಗಿ ಸಾಗಿತು. ಹೋವರಿಂಗ್ ಅನ್ನುವ ಕಡೆ ಬಂದು, ಅದಕ್ಕೆ ಕನ್ನಡದ ಪದ ಸಿಗದೆ ಪೆನ್ನು ನಿಂತಿದೆ.

ಬಾಗಲಕೋಟೆ ಕಡೆ ಆಲಮಟ್ಟಿ ಹಿನ್ನೀರಿನಲ್ಲಿ ಕಪ್ಪು-ಬಿಳಿ ಮಿಂಚುಳ್ಳಿ ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಗಾಳಿಗೆ ಎದುರಾಗಿ, ಕೊಕ್ಕು ಕೆಳಗೆ ಮಾಡಿ, ಒಂದೇ ಕಡೆ ಪಟಪಟ ರೆಕ್ಕೆ ಬಡಿಯುತ್ತದೆ. ಮೈಯೆಲ್ಲ ಅಲುಗಿದರೂ ತಲೆ ಮಾತ್ರ ಮೊಳೆ ಹೊಡೆದ ಹಾಗೆ ಇದ್ದಲ್ಲೇ ಇರುತ್ತದೆ. ಕಣ್ಣು ಮೀನಿನ ಮೇಲೆ, ಅಲ್ವಾ! ಮೀನು ಸರಿದರೆ ತಾನೂ ಸ್ವಲ್ಪ ಸರಿದು ಮತ್ತೆ ಹಾಗೇ ಬಡಿಯುತ್ತದೆ. ಆಮೇಲೆ ನೆಟ್ಟಗೆ ನೀರಿಗೆ. ಸಣ್ಣ ಮೀನಾದರೆ ದಡಕ್ಕೆ ಬರುವ ತನಕವೂ ಕಾಯದೆ ಹಾರುತ್ತಲೇ ನುಂಗಿಬಿಡುತ್ತದೆ. ವಿಜಯಪುರದ ಜೋಳದ ಹೊಲಗಳ ಮೇಲೆ ಕಪ್ಪು ರೆಕ್ಕೆಯ ಗಿಡುಗ ಇಲಿಗಾಗಿ ಮಾಡುವುದೂ ಇದನ್ನೇ.

'ತೇಲು' ಸರಿಹೋಗಲಿಲ್ಲ, ಅದು ರೆಕ್ಕೆ ಬಡಿಯದ ಹದ್ದಿಗೆ. 'ಸುಳಿದಾಡು' ಅಂದರೆ ಅಡ್ಡಾಡಿದಂತೆ. 'ಹೊಂಚು ಹಾಕು' ಹತ್ತಿರ ಬರುತ್ತದೆ, ಆದರೆ ಹೊಂಚಿನಲ್ಲಿ ಅಡಗುವುದಿದೆ. ಈ ಹಕ್ಕಿ ಬಯಲಲ್ಲೇ ಎಲ್ಲರಿಗೂ ಕಾಣುವಂತೆ ಇರುತ್ತದೆ. 'ಎರಗು' ಅದರ ಮುಂದಿನ ಹೆಜ್ಜೆ.

ಉಳಿದವಕ್ಕೆ ನಮ್ಮಲ್ಲಿ ಪದಕ್ಕೆ ಬರವಿಲ್ಲ. ಬಣ್ಣದ ಕೊಕ್ಕರೆ ರಾಡಿ ನೀರಿನಲ್ಲಿ ಕೊಕ್ಕು ಅರ್ಧ ತೆರೆದು ತಡಕುತ್ತದೆ, ಮೀನು ತಾಗಿದೊಡನೆ ಮುಚ್ಚುತ್ತದೆ. ರಾಜಹಂಸ (ಫ್ಲೆಮಿಂಗೊ) ತಲೆ ತಲೆಕೆಳಗು ಮಾಡಿ ನೀರು ಸೋಸುತ್ತದೆ. ಬೆಳ್ಳಕ್ಕಿ ಕಾಲಿನಿಂದ ಕೆಸರು ಕಲಕಿ, ಎದ್ದದ್ದನ್ನು ಕುಕ್ಕುತ್ತದೆ.

ಹಿನ್ನೀರಿನಲ್ಲಿ ಬಲೆ ಹಾಕುವ ಒಬ್ಬ ಕಾಕಾಗೆ ಮಿಂಚುಳ್ಳಿ ತೋರಿಸಿ ಕೇಳಿದೆ. "ನಿಂತೈತಿ ನೋಡ್ರಿ, ಈಗ ಬೀಳತೈತಿ" ಅಂದರು. ಅಷ್ಟೇ! ನನಗೆ ಇದು ಇಷ್ಟವಾಯಿತು. ಆದರೆ "ನೀರಿನ ಮೇಲೆ ನಿಂತಿತು" ಅಂತ ಬರೆದರೆ ಹಕ್ಕಿ ನೋಡದ ಮಗು ಬಾತುಕೋಳಿ ಅಂದುಕೊಂಡೀತು. ಸದ್ಯಕ್ಕೆ 'ಗಾಳಿಯಲ್ಲಿ ನಿಲ್ಲು' ಅಂತ ಇಟ್ಟಿದ್ದೇನೆ. 'ಗಾಳಿನಿಲುವು' ಅಂತ ನಾಮಪದ ಮಾಡಿದರೆ ಹೊಸದಾಗಿ ಹೊಲಿದ ಅಂಗಿ ಅನಿಸುತ್ತದೆ, ಬೇಡ.

ಗೋಕಾಕ, ಧೂಪದಾಳ ಕಡೆಯವರು ಯಾರಾದರೂ ಇದ್ದರೆ, ಅಲ್ಲಿ ಮೀನು ಹಿಡಿಯುವವರ, ಹೊಲ ಕಾಯುವವರ ಬಾಯಲ್ಲಿ ಬೇರೆ ಮಾತು ಕೇಳಿದ್ದೀರಾ? ಕ್ರಿಯಾಪದ ಸಿಕ್ಕರೆ ಒಳ್ಳೆಯದು. ಕರಾವಳಿ, ಮಲೆನಾಡಿನ ಮಾತಾದರೂ ನಡೆಯುತ್ತದೆ.